ಗಡಿ ಊರು ಆಳಂದ

ಆಳಂದ ನಮ್ಮ ಕಲಬುರಗಿ ಜಿಲ್ಲೆಯ ಒಂದು ತಾಲೂಕು ಊರು. ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರ. 2011ರ ಜನಗಣತಿಯಲ್ಲಿ ಊರಿನ ಮಂದಿ ಸುಮಾರು 42 ಸಾವಿರ. ಇಲ್ಲಿಂದ ಪಶ್ಚಿಮಕ್ಕೆ ಹೋದರೆ ಹಿರೋಳಿ. ಹಿರೋಳಿ ದಾಟಿದರೆ ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕು. ಉತ್ತರಕ್ಕೆ ಹೋದರೆ ಖಜೂರಿ. ಖಜೂರಿ ದಾಟಿದರೆ ಮಹಾರಾಷ್ಟ್ರದ ಉಮರ್ಗಾ ತಾಲೂಕು. ಹಾಗಾಗಿ ಆಳಂದವನ್ನು ಗಡಿ ಊರು ಅಂತಾರೆ.

ಗಡಿ ಅಂದರೇನು? ನೆಲದ ಮೇಲೆ ಗೆರೆ ಇದೆಯೇ? ಇಲ್ಲ. ಈ ಕಡೆಯ ಹೊಲವೂ ಕರಿ ಮಣ್ಣು, ಆ ಕಡೆಯ ಹೊಲವೂ ಕರಿ ಮಣ್ಣು. ಇಲ್ಲೂ ತೊಗರಿ, ಜೋಳ. ಅಲ್ಲೂ ತೊಗರಿ, ಜೋಳ. ಹಾಗಾದರೆ ಗಡಿ ಎಲ್ಲಿದೆ? ಗಡಿ ಇರುವುದು ಕಾಗದದ ಮೇಲೆ. ಅದಕ್ಕೇ ಗಡಿಯ ಮಂದಿಗೆ ಓದು ಬರಹ ಬಹಳ ಬೇಕು. ಯಾಕೆ ಅಂತ ನೋಡೋಣ.

ಗಡಿ ಬಂದದ್ದು ಹೇಗೆ?

ಹಿಂದೆ ಆಳಂದ, ಅಫಜಲಪುರ, ಜೇವರ್ಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಉಮರ್ಗಾ ಕೂಡ ಅದರಲ್ಲೇ ಇತ್ತು. ಅಕ್ಕಲಕೋಟಕ್ಕೆ ಬೇರೆ ರಾಜರಿದ್ದರು. ಅಫಜಲಪುರ, ಜೇವರ್ಗಿ ಪಕ್ಕದ ಇಂಡಿ, ಸಿಂದಗಿ ಮುಂಬೈ ಪ್ರಾಂತಕ್ಕೆ ಸೇರಿದ್ದವು. ಆಗ ನಿಜಾಮರ ರೂಪಾಯಿಯೇ ಬೇರೆ, ಬ್ರಿಟಿಷರ ರೂಪಾಯಿಯೇ ಬೇರೆ.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಭಾಷೆ ನೋಡಿ ರಾಜ್ಯಗಳನ್ನು ಹೊಸದಾಗಿ ಮಾಡಿದರು. ಆಳಂದ, ಅಫಜಲಪುರ, ಜೇವರ್ಗಿ ನಮ್ಮ ರಾಜ್ಯಕ್ಕೆ ಬಂದವು. ಇಂಡಿ, ಸಿಂದಗಿಯೂ ಬಂದವು. ಉಮರ್ಗಾ, ಅಕ್ಕಲಕೋಟ ಆ ಕಡೆ ಉಳಿದವು.

ಅಕ್ಕಲಕೋಟದಲ್ಲಿ ಕನ್ನಡ ಮಾತಾಡುವ ಮಂದಿ ಬಹಳ. ಅಲ್ಲಿ ಕನ್ನಡ ಶಾಲೆಗಳೂ ಇವೆ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟವನ್ನು ನಮ್ಮ ರಾಜ್ಯಕ್ಕೆ ಕೊಡಬೇಕು ಎಂದು ವರದಿ ಕೊಟ್ಟಿತು. ಅದು ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸರ್ಕಾರ ಗಡಿಯ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋಯಿತು.

ರಾಜ್ಯ ಎರಡಾದರೂ ಮಂದಿ ಎರಡಾಗಲಿಲ್ಲ. ಇಲ್ಲಿಯ ಮಗಳನ್ನು ಅಲ್ಲಿಗೆ ಕೊಡುತ್ತಾರೆ. ಅಲ್ಲಿಯ ಸೊಸೆಯನ್ನು ಇಲ್ಲಿಗೆ ತರುತ್ತಾರೆ. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಆ ಕಡೆಯ ಮಂದಿಯೂ ಬರುತ್ತಾರೆ. ಆಳಂದ ತಾಲೂಕಿನ ಅಮರ್ಜಾ ನದಿ ಹರಿದು ಹೋಗಿ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಅಲ್ಲಿಯ ದತ್ತಾತ್ರೇಯನ ಗುಡಿಗೆ ಮಹಾರಾಷ್ಟ್ರದಿಂದ ಸಾವಿರಾರು ಮಂದಿ ಬರುತ್ತಾರೆ. ಗಾಣಗಾಪುರದ ಮಹಿಮೆ ಹೇಳುವ ‘ಗುರುಚರಿತ್ರೆ’ ಮರಾಠಿ ಪುಸ್ತಕ. ಅದನ್ನು ಬರೆದ ಸರಸ್ವತಿ ಗಂಗಾಧರ ನಮ್ಮ ಆಳಂದ ತಾಲೂಕಿನ ಕಡಗಂಚಿಯವರು ಎನ್ನುತ್ತಾರೆ. ಅವರ ಮನೆ ಮಾತು ಕನ್ನಡವಾಗಿತ್ತು. ಗಡಿಯ ಮಂದಿ ಹೀಗೆ. ಕನ್ನಡ, ಮರಾಠಿ, ಉರ್ದು ಮೂರನ್ನೂ ಕಿವಿಯಿಂದಲೇ ಕಲಿಯುತ್ತಾರೆ.

ಆದರೆ ಕಿವಿಯಿಂದ ಕಲಿತದ್ದು ಕಣ್ಣಿಗೆ ಸಾಲದು. ಬಸ್ ನಿಲ್ದಾಣದಲ್ಲಿ ಎರಡೂ ರಾಜ್ಯಗಳ ಬಸ್ಸು ನಿಂತಿರುತ್ತವೆ. ಒಂದರ ಬೋರ್ಡು ಕನ್ನಡದಲ್ಲಿ, ಇನ್ನೊಂದರ ಬೋರ್ಡು ಮರಾಠಿಯಲ್ಲಿ. ಅಂಕಿಯೂ ಬೇರೆ. “ಯಪ್ಪಾ, ಈ ಬಸ್ಸು ಎಲ್ಲಿಗಿ ಹೋಗ್ತದ?” ಅಂತ ಕೇಳುವ ತಾಯಂದಿರನ್ನು ನಾವು ದಿನಾ ನೋಡುತ್ತೇವೆ.

ಬಡತನ ಮತ್ತು ಗುಳೆ

2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ ತಾಲೂಕುಗಳನ್ನು ಅಳೆದು ನೋಡಿತು. ಅತ್ಯಂತ ಹಿಂದುಳಿದವು 39 ಎಂದು ಹೇಳಿತು. ಆ 39ರಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇದ್ದವು. 2011ರ ಗಣತಿಯಲ್ಲಿ ರಾಜ್ಯದಲ್ಲಿ 100ಕ್ಕೆ 75 ಮಂದಿಗೆ ಓದು ಬರುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಸುಮಾರು 65. ಹೆಣ್ಣುಮಕ್ಕಳಲ್ಲಿ ಸುಮಾರು 55 ಮಾತ್ರ. 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದೂ ಇದೇ ಕಡಗಂಚಿಯಲ್ಲಿ. ದೊಡ್ಡ ವಿದ್ಯೆ ನಮ್ಮ ಬಾಗಿಲಿಗೆ ಬಂದಿದೆ. ಆದರೆ ಅಕ್ಷರ ಇನ್ನೂ ಎಲ್ಲರ ಮನೆಯೊಳಗೆ ಬಂದಿಲ್ಲ.

ಇಲ್ಲಿ ಬೇಸಾಯ ಬಹುಪಾಲು ಮಳೆಯನ್ನೇ ನಂಬಿದೆ. ಕಲಬುರಗಿಯ ತೊಗರಿಗೆ ದೇಶದಲ್ಲೆಲ್ಲ ಹೆಸರು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಮಳೆ ಕೈಕೊಟ್ಟರೆ ಬೆಳೆ ಇಲ್ಲ. ಮಳೆ ಹೆಚ್ಚಾದರೂ ಬೆಳೆ ಇಲ್ಲ. 2022ರಲ್ಲಿ ನೆಟೆ ರೋಗ ಬಂದು ತೊಗರಿ ನಿಂತಲ್ಲೇ ಒಣಗಿತು. ಭೀಮಾ ದಂಡೆಯಲ್ಲಿ ಇನ್ನೊಂದು ಕಷ್ಟ. ಮೇಲೆ ಮಹಾರಾಷ್ಟ್ರದ ಉಜನಿ ಆಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗೆ ಅಫಜಲಪುರ, ಜೇವರ್ಗಿ ತಾಲೂಕಿನ ಊರುಗಳಿಗೆ ಹೊಳೆ ನುಗ್ಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಹೀಗೇ ಆಯಿತು.

ಬೆಳೆ ಹೋದರೆ ಕೂಲಿಯವರಿಗೆ ಕೆಲಸ ಇಲ್ಲ. ಆಗ ಗುಳೆ ಹೋಗುತ್ತಾರೆ. ಸೊಲ್ಲಾಪುರ, ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಸೇರುತ್ತಾರೆ. ಕಟ್ಟಡ ಕೆಲಸ, ರಸ್ತೆ ಕೆಲಸ, ಕಬ್ಬು ಕಡಿಯುವ ಕೆಲಸ ಮಾಡುತ್ತಾರೆ. ಮನೆಯಲ್ಲಿ ಮುದುಕರು, ಮಕ್ಕಳು ಉಳಿಯುತ್ತಾರೆ.

ಗುತ್ತೇದಾರ ಮುಂಗಡ ಹಣ ಕೊಡುತ್ತಾನೆ. ಲೆಕ್ಕ ಅವನ ಪುಸ್ತಕದಲ್ಲಿ ಇರುತ್ತದೆ. ನಾವು ಹೆಬ್ಬೆಟ್ಟು ಒತ್ತುತ್ತೇವೆ. “ಇನ್ನೂ ಎರಡು ಸಾವಿರ ಬಾಕಿ ಅದ” ಅಂದರೆ ಹೌದು ಅನ್ನಬೇಕು. ಇಲ್ಲ ಅನ್ನಲು ನಮ್ಮ ಕೈಯಲ್ಲಿ ಏನಿದೆ?

ಗಡಿ ಗಟ್ಟಿಯಾದ ದಿನ

2020ರ ಮಾರ್ಚ್‌ನಲ್ಲಿ ಕೊರೊನಾ ಬಂತು. ದೇಶವೆಲ್ಲ ಬಂದ್ ಆಯಿತು. ಮಹಾರಾಷ್ಟ್ರದಲ್ಲಿ ದುಡಿಯುತ್ತಿದ್ದ ನಮ್ಮ ಮಂದಿ ಊರಿಗೆ ಹೊರಟರು. ಯಾರೂ ಎಣಿಸದ ಗಡಿ ಆಗ ಗಟ್ಟಿಯಾಗಿ ಎದುರು ನಿಂತಿತು. ಹಿರೋಳಿ, ಖಜೂರಿಯಲ್ಲಿ ತಪಾಸಣೆ ಶುರುವಾಯಿತು. ಒಳಗೆ ಬರಲು ‘ಸೇವಾ ಸಿಂಧು’ವಿನಲ್ಲಿ ಅರ್ಜಿ ತುಂಬಬೇಕಿತ್ತು. ಓದು ಬಂದವರು ಮೊಬೈಲಿನಲ್ಲಿ ತುಂಬಿದರು. ಓದು ಬರದವರು ಕಂಡ ಕಂಡವರ ಕೈಕಾಲು ಹಿಡಿಯಬೇಕಾಯಿತು.

ಕಾಗದದಲ್ಲಿ ಇರುವ ಹಕ್ಕು

ಗಡಿ ಕಾಗದದ ಮೇಲಿದೆ ಅಂದೆವು. ನಮ್ಮ ಹಕ್ಕೂ ಕಾಗದದ ಮೇಲೆಯೇ ಇದೆ. ಮೂರು ಮಾತು ನೆನಪಿಡೋಣ.

ಒಂದು, ರೇಷನ್. ಗುಳೆ ಹೋದಲ್ಲಿಯೂ ಕೇಂದ್ರದ ಪಾಲಿನ ರೇಷನ್ ಪಡೆಯಬಹುದು. ಇದಕ್ಕೆ ‘ಒಂದು ದೇಶ, ಒಂದು ಪಡಿತರ ಚೀಟಿ’ ಅಂತಾರೆ. ಅಲ್ಲಿಯ ನ್ಯಾಯಬೆಲೆ ಅಂಗಡಿಗೆ ಹೋಗಿ ಕಾರ್ಡಿನ ನಂಬರು ಹೇಳಬೇಕು. ಯಂತ್ರದ ಮೇಲೆ ಬೆರಳು ಇಡಬೇಕು. ಕಾರ್ಡಿಗೆ ಆಧಾರ್ ಜೋಡಣೆ ಆಗಿರಬೇಕು.

ಎರಡು, ಶಾಲೆ. 2010ರಿಂದ ಶಿಕ್ಷಣ ಹಕ್ಕಿನ ಕಾಯ್ದೆ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಶಾಲೆ ಹಕ್ಕು. “ಟಿ.ಸಿ. ತಂದಿಲ್ಲ, ಸೇರಿಸಿಕೊಳ್ಳೋದಿಲ್ಲ” ಎಂದು ಸರ್ಕಾರಿ ಶಾಲೆಯವರು ಹೇಳುವ ಹಾಗಿಲ್ಲ. ಟಿ.ಸಿ. ಆಮೇಲೆ ತಂದುಕೊಟ್ಟರೂ ನಡೆಯುತ್ತದೆ.

ಮೂರು, ನೌಕರಿ. ನಮ್ಮ ಭಾಗ ಹಿಂದುಳಿದಿದೆ ಎಂದು ಸಂವಿಧಾನಕ್ಕೆ 371(ಜೆ) ಎಂಬ ಕಲಮು ಸೇರಿಸಿದರು. ಅದು 2013ರಲ್ಲಿ ಜಾರಿಗೆ ಬಂತು. ಅದರಿಂದ ಈ ಭಾಗದ ಸರ್ಕಾರಿ ನೌಕರಿಯಲ್ಲಿ, ಕಾಲೇಜಿನ ಸೀಟಿನಲ್ಲಿ ನಮ್ಮ ಮಕ್ಕಳಿಗೆ ದೊಡ್ಡ ಪಾಲು ಮೀಸಲಿದೆ. ಇಲ್ಲೊಂದು ಸೂಕ್ಷ್ಮ ಇದೆ. ಈ ಹಕ್ಕು ಭಾಷೆ ನೋಡುವುದಿಲ್ಲ, ಜಾತಿ ನೋಡುವುದಿಲ್ಲ. ಆಳಂದದ ಮರಾಠಿ ಮನೆಯ ಹುಡುಗನಿಗೂ ಉಂಟು, ಉರ್ದು ಮನೆಯ ಹುಡುಗಿಗೂ ಉಂಟು. ಪಕ್ಕದ ಸಿಂದಗಿಯವರಿಗೆ ಇಲ್ಲ. ಈ ಭಾಗದವರೆಂದು ಕಾಗದ ಇರಬೇಕು, ಅಷ್ಟೇ. ಆ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರು ಕೊಡುತ್ತಾರೆ. ಗುಳೆ ಹೋದ ಊರಲ್ಲಿ ಮಗು ಹುಟ್ಟಿದರೆ ಜನನ ಪತ್ರ ಮಾಡಿಸಿ ಇಡಿ. ಶಾಲೆಯ ದಾಖಲೆ ಕಳೆಯಬೇಡಿ. ತಂದೆ ತಾಯಿಯ ಹೆಸರು ಎಲ್ಲ ಕಾಗದದಲ್ಲೂ ಒಂದೇ ಥರ ಇದೆಯೇ ಓದಿ ನೋಡಿ.

ಈಗ ನಿಮಗೆ ಓದಲು ಬರುತ್ತದೆ. ಬರೆಯಲೂ ಬರುತ್ತದೆ. ಒಂದು ಸಣ್ಣ ನೋಟು ಪುಸ್ತಕ ಕೊಳ್ಳಿ. ಗುಳೆ ಹೋಗುವ ಮೊದಲು ಅದರಲ್ಲಿ ಇಷ್ಟು ಬರೆಯಿರಿ: ಗುತ್ತೇದಾರನ ಹೆಸರು ಮತ್ತು ಫೋನ್ ನಂಬರು. ಪಡೆದ ಮುಂಗಡ ಎಷ್ಟು. ದಿನದ ಕೂಲಿ ಎಷ್ಟು. ರೇಷನ್ ಕಾರ್ಡಿನ ನಂಬರು. ಆಮೇಲೆ ದುಡಿದ ದಿನಕ್ಕೆ ಒಂದೊಂದು ಗೆರೆ ಎಳೆಯಿರಿ. ಲೆಕ್ಕದ ದಿನ ಗುತ್ತೇದಾರ ತನ್ನ ಪುಸ್ತಕ ತೆಗೆಯುತ್ತಾನೆ. ಆಗ ನೀವೂ ನಿಮ್ಮ ಪುಸ್ತಕ ತೆಗೆಯಿರಿ.