ಮರೆವಿನ ಮೂಲವನ್ನು ಹುಡುಕುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ

ಆಲ್ಝೈಮರ್ ಕಾಯಿಲೆಯಲ್ಲಿ ನೆನಪು ಕುಂದುವುದಕ್ಕೆ ಎಷ್ಟೋ ವರ್ಷ ಮೊದಲೇ ನರಕೋಶಗಳ ಹೊರಗೆ ಅಮೈಲಾಯ್ಡ್, ಒಳಗೆ ಟೌ ಎಂಬ ಪ್ರೋಟೀನುಗಳು ತಪ್ಪಾಗಿ ಮಡಚಿಕೊಂಡು ಎಳೆಗಳಾಗಿ ಶೇಖರವಾಗತೊಡಗುತ್ತವೆ. ಆಸ್ಟ್ರೇಲಿಯಾದ ಕಾಲಿನ್ ಮಾಸ್ಟರ್ಸ್ ಮತ್ತು ಜರ್ಮನಿಯ ಕೊನ್ರಾಡ್ ಬೈರಾಯ್ತರ್ ಅವರ ತಂಡ 1985ರಲ್ಲಿ ಅಮೈಲಾಯ್ಡ್ ಶೇಖರಣೆಯ ತಿರುಳಿನಲ್ಲಿರುವ ಪ್ರೋಟೀನನ್ನು ಗುರುತಿಸಿತಾದರೂ, ಇಂಥ ಎಳೆಗಳ ಪರಮಾಣು ಮಟ್ಟದ ರಚನೆಯನ್ನು ತಿಳಿಯಲು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ನೆರವಾಯಿತು. ಮಾದರಿಯಲ್ಲಿರುವ ನೀರು ಹರಳುಗಟ್ಟದಂತೆ ಅದನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ, ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ಹಾಯಿಸಿ, ಸಾವಿರಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಮೂರು ಆಯಾಮದ ರೂಪ ಕಟ್ಟುವ ಈ ವಿಧಾನದಿಂದ ಕೇಂಬ್ರಿಜ್‌ನ ವಿಜ್ಞಾನಿಗಳು 2017ರಲ್ಲಿ ರೋಗಿಯೊಬ್ಬರ ಮಿದುಳಿನ ಟೌ ಎಳೆಗಳ ರಚನೆಯನ್ನು ಬಿಡಿಸಿದರು. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದಲ್ಲೂ ಇಂಥ ಸೂಕ್ಷ್ಮದರ್ಶಕಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಸಂಶೋಧನೆಗೆ ಬೇಕಾದ, ದಾನವಾಗಿ ಬಂದ ಮಿದುಳುಗಳನ್ನು ಕಾಯ್ದಿಡುವ ಮಿದುಳು ಬ್ಯಾಂಕ್ ಇದೆ. ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ, ದುಃಖದ ಗಳಿಗೆಯಲ್ಲೂ ಮಿದುಳನ್ನು ದಾನವಾಗಿ ಕೊಡುವ ಕುಟುಂಬಗಳ ಔದಾರ್ಯವೇ ಈ ಅರಿವಿನ ನಿಜವಾದ ಬುನಾದಿ.