ಮುಚ್ಚಳ ಕಚ್ಚಿಕೊಂಡ ಕುಕ್ಕರ್ ಮತ್ತು ಜೇಮ್ಸ್ ವಾಟ್

ರಾತ್ರಿ ಬೇಳೆ ಬೇಯಲಿಟ್ಟು, ಮೂರು ಸೀಟಿ ಆದ ಮೇಲೆ ಒಲೆ ಆರಿಸಿ, ಹಾಗೇ ಮರೆತು ಮಲಗಿದವರಿಗೆ ಇದು ಗೊತ್ತು. ಬೆಳಿಗ್ಗೆ ಕುಕ್ಕರ್ ತೆಗೆಯಲು ಹೋದರೆ ಮುಚ್ಚಳ ಜಪ್ಪಯ್ಯ ಎಂದರೂ ಬರುವುದಿಲ್ಲ. ಒಳಗಿನ್ನೂ ಹಬೆ ಉಳಿದಿದೆಯೇನೋ ಎಂಬ ಅಂಜಿಕೆಯಲ್ಲೇ ವೆಯಿಟ್ ಎತ್ತಿದರೆ ಸುಯ್ ಎಂದು ಸದ್ದಾಗುತ್ತದೆ. ಆದರೆ ಕೈಗೆ ಬಿಸಿ ತಾಕುವುದಿಲ್ಲ. ಹೊರಗೆ ಬರಲು ಹಬೆಯೇ ಇಲ್ಲ; ಆ ಸದ್ದು ಗಾಳಿ ಒಳಕ್ಕೆ ನುಗ್ಗಿದ್ದು. ಮರುಕ್ಷಣ ಮುಚ್ಚಳ ಮೆತ್ತಗೆ ಕಳಚಿಕೊಳ್ಳುತ್ತದೆ.

ರಾತ್ರಿ ನಡೆದದ್ದಿಷ್ಟು. ಕುದಿಯುವಾಗ ಎದ್ದ ಹಬೆ ಪಾತ್ರೆಯೊಳಗಿನ ಗಾಳಿಯನ್ನು ಸೀಟಿಯ ತೂತಿನಿಂದ ಹೊರಗಟ್ಟಿತು. ಆಮೇಲೆ ಪಾತ್ರೆ ಆರಿತು, ಹಬೆ ಮತ್ತೆ ನೀರಾಯಿತು. ಒಂದು ಲೀಟರ್ ನೀರು ಕುದಿದು ಹಬೆಯಾದರೆ ಸುಮಾರು 1,670 ಲೀಟರ್ ಜಾಗ ಹಿಡಿಯುತ್ತದೆ. ಅದೇ ಹಬೆ ನೀರಿಗೆ ಮರಳಿದರೆ ಅಷ್ಟೂ ಜಾಗ ಖಾಲಿ ಬೀಳುತ್ತದೆ. ಆಗ ಹೊರಗಿನ ವಾತಾವರಣ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಂತೆ ಮುಚ್ಚಳವನ್ನು ಅದುಮುತ್ತದೆ. ಇಪ್ಪತ್ತು ಸೆಂಟಿಮೀಟರ್ ಅಡ್ಡಳತೆಯ ಮುಚ್ಚಳವಾದರೆ, ಒಳಗಿನ ಗಾಳಿಯಲ್ಲಿ ಅರ್ಧದಷ್ಟೇ ಹೋಗಿದ್ದರೂ, ಅದರ ಮೇಲಿನ ಭಾರ ಒಂದೂವರೆ ಕ್ವಿಂಟಾಲ್! ಬರಿಗೈಯಲ್ಲಿ ಎಳೆದರೆ ಬಂದೀತೆ?

ಕೆಟಲಿನ ಮುಚ್ಚಳ ಹಬೆಯ ರಭಸಕ್ಕೆ ಕುಣಿಯುವುದನ್ನು ಕಂಡ ಬಾಲಕ ಜೇಮ್ಸ್ ವಾಟ್ ಮುಂದೆ ಉಗಿಯಂತ್ರ ಕಂಡುಹಿಡಿದ ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಕಥೆ ಚಂದ, ವಿಜ್ಞಾನ ತಲೆಕೆಳಗು. ವಾಟ್ ಹುಟ್ಟಿದ್ದು 1736ರಲ್ಲಿ; ಉಗಿಯಂತ್ರ ಅದಕ್ಕಿಂತ ಕಾಲು ಶತಮಾನ ಮೊದಲೇ ಇಂಗ್ಲೆಂಡಿನ ಗಣಿಗಳಲ್ಲಿ ದುಡಿಯುತ್ತಿತ್ತು. ಅದು ದುಡಿಯುತ್ತಿದ್ದದ್ದು ಕುಣಿಯುವ ಮುಚ್ಚಳದ ಬಲದಿಂದಲ್ಲ, ಕಚ್ಚಿಕೊಂಡ ಮುಚ್ಚಳದ ಬಲದಿಂದ.

1712ರಲ್ಲಿ ಡಡ್ಲಿ ಕೋಟೆಯ ಹತ್ತಿರದ ಕಲ್ಲಿದ್ದಲು ಗಣಿಯಲ್ಲಿ ಥಾಮಸ್ ನ್ಯೂಕೊಮೆನ್ ಎಂಬ ಕಬ್ಬಿಣದ ವ್ಯಾಪಾರಿ ನಿಲ್ಲಿಸಿದ ಯಂತ್ರ ಅದು. ಅಡ್ಡಳತೆ 21 ಅಂಗುಲ, ಎತ್ತರ ಸುಮಾರು ಎಂಟು ಅಡಿಯ ಒಂದು ಸಿಲಿಂಡರ್, ಒಳಗೆ ಪಿಸ್ಟನ್, ಮೇಲೆ ಏತದ ಮರದಂತೆ ತೂಗುವ ದೊಡ್ಡ ತೊಲೆ. ತೊಲೆಯ ಒಂದು ತುದಿಗೆ ಪಿಸ್ಟನ್, ಇನ್ನೊಂದು ತುದಿಗೆ ಗಣಿಯ ನೀರೆತ್ತುವ ಪಂಪಿನ ಸರಳು. ಪಂಪಿನ ಭಾರಕ್ಕೆ ಆ ಕಡೆ ತಗ್ಗಿ ಈ ಕಡೆ ಪಿಸ್ಟನ್ ಏಳುವಾಗ ಸಿಲಿಂಡರಿನಲ್ಲಿ ಹಬೆ ತುಂಬಿಕೊಳ್ಳುತ್ತಿತ್ತು. ಆ ಹಬೆಗೆ ಹೆಚ್ಚಿನ ಒತ್ತಡವೇನೂ ಇರಲಿಲ್ಲ. ಬಳಿಕ ಸಿಲಿಂಡರಿನೊಳಕ್ಕೆ ತಣ್ಣೀರು ಚಿಮ್ಮಿಸಿದರೆ ಹಬೆ ಥಟ್ಟನೆ ನೀರಾಗಿ, ತೆರೆದ ಬಾಯಿಂದ ವಾತಾವರಣ ಪಿಸ್ಟನ್ನನ್ನು ಕೆಳಕ್ಕೆ ಒತ್ತುತ್ತಿತ್ತು. ನಿಮಿಷಕ್ಕೆ 12 ಏಟು; ಏಟಿಗೆ ಹತ್ತು ಗ್ಯಾಲನ್, ಎಂದರೆ ಸುಮಾರು 45 ಲೀಟರ್ ನೀರು 153 ಅಡಿ ಆಳದಿಂದ ಮೇಲಕ್ಕೆ. ಕೆಲಸ ಮಾಡುತ್ತಿದ್ದವನು ಗಾಳಿರಾಯ. ಹಬೆಯ ಪಾತ್ರ ಬಂದು ಜಾಗ ಹಿಡಿಯುವುದು, ಹೇಳಿದಾಗ ಮಾಯವಾಗುವುದು, ಅಷ್ಟೆ.

ಯಂತ್ರವೇನೋ ಗಟ್ಟಿ, ಆದರೆ ಭಾರಿ ಹೊಟ್ಟೆಬಾಕ. ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಒಂದು ಪಾಲೂ ಕೆಲಸವಾಗಿ ಸಿಗುತ್ತಿರಲಿಲ್ಲ. ಗಣಿಯ ಬಾಯಲ್ಲೇ ಕಲ್ಲಿದ್ದಲು ರಾಶಿ ಬಿದ್ದಿದ್ದರಿಂದ ಅದು ಯಾರನ್ನೂ ಅಷ್ಟಾಗಿ ಕಾಡಲಿಲ್ಲ.

ಕಾಡಿದ್ದು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡಿಕೊಂಡಿದ್ದ ವಾಟ್‌ನನ್ನು. 1763–64ರ ಚಳಿಗಾಲದಲ್ಲಿ, ತರಗತಿಯಲ್ಲಿ ತೋರಿಸಲು ಇಟ್ಟಿದ್ದ ನ್ಯೂಕೊಮೆನ್ ಯಂತ್ರದ ಪುಟ್ಟ ಮಾದರಿ ಅವನ ಮೇಜಿಗೆ ಬಂತು. ಸರಿಪಡಿಸಿದ ಮೇಲೂ ಅದು ನಾಲ್ಕಾರು ಏಟು ಹಾಕಿ ನಿಂತುಬಿಡುತ್ತಿತ್ತು, ಬಾಯ್ಲರಿನ ಹಬೆ ಸಾಲುತ್ತಿರಲಿಲ್ಲ. ಹಬೆಯೆಲ್ಲ ಎಲ್ಲಿ ಹೋಗುತ್ತಿದೆ ಎಂದು ಲೆಕ್ಕ ಹಾಕಿದ ವಾಟ್‌ಗೆ ಕಳ್ಳ ಸಿಕ್ಕಿಬಿದ್ದ: ಸಿಲಿಂಡರಿನ ಗೋಡೆ. ತಣ್ಣೀರು ಚಿಮ್ಮಿದಾಗ ಹಬೆಯ ಜೊತೆಗೆ ಲೋಹವೂ ತಣ್ಣಗಾಗುತ್ತಿತ್ತು. ಮುಂದಿನ ಸಲ ಬಂದ ಹಬೆಯಲ್ಲಿ ಮುಕ್ಕಾಲು ಪಾಲು ಆ ಲೋಹವನ್ನು ಮತ್ತೆ ಕಾಯಿಸುವುದರಲ್ಲೇ ಮುಗಿಯುತ್ತಿತ್ತು. ದೋಸೆ ದೋಸೆಗೂ ಕಾವಲಿಯನ್ನು ನಲ್ಲಿಯ ಕೆಳಗೆ ಹಿಡಿದು ತಣಿಸಿ, ಮತ್ತೆ ಒಲೆಯ ಮೇಲಿಟ್ಟಂತೆ.

ಅವನನ್ನು ಬೆರಗುಗೊಳಿಸಿದ ಇನ್ನೊಂದು ಸಂಗತಿಯಿತ್ತು. ಚೂರೇ ಚೂರು ನೀರಿನಿಂದ ಹುಟ್ಟಿದ ಹಬೆ, ತನಗಿಂತ ಸುಮಾರು ಆರು ಪಟ್ಟು ತೂಕದ ಬಾವಿನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಿಬಿಡುತ್ತಿತ್ತು. ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕ್ ಇದಕ್ಕೆ ಕಾರಣ ಕೊಟ್ಟರು. ನೀರು ಹಬೆಯಾಗುವಾಗ ಥರ್ಮಾಮೀಟರಿಗೆ ಕಾಣದಂತೆ ಅಪಾರ ಶಾಖವನ್ನು ಹೀರಿ ಬಚ್ಚಿಟ್ಟುಕೊಳ್ಳುತ್ತದೆ. ನೀರಾಗುವಾಗ ಅಷ್ಟನ್ನೂ ಬಿಟ್ಟುಕೊಡುತ್ತದೆ. ಇದೇ ಗುಪ್ತೋಷ್ಣ. ಒಂದು ಕಿಲೋ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಏರಿಸಲು ಸುಮಾರು 419 ಕಿಲೋಜೂಲ್ ಸಾಕು. ನೂರು ಡಿಗ್ರಿಯ ಅದೇ ನೀರನ್ನು ಹಬೆಯಾಗಿಸಲು ಮತ್ತೆ 2,257 ಕಿಲೋಜೂಲ್ ಬೇಕು. ಕುದಿಯುವ ನೀರು ಬಿದ್ದ ಸುಟ್ಟಗಾಯಕ್ಕಿಂತ ಹಬೆ ತಾಕಿದ್ದು ಜೋರಾಗಿರುವುದಕ್ಕೂ ಇದೇ ಕಾರಣ.

1765ರ ಮೇ ತಿಂಗಳ ಒಂದು ಭಾನುವಾರ. ಸ್ಕಾಟ್ಲೆಂಡಿನಲ್ಲಿ ಅಂದು ಕೈಕೆಲಸ ಮುಟ್ಟುವಂತಿಲ್ಲ. ಗ್ಲಾಸ್ಗೋ ಗ್ರೀನ್ ಎಂಬ ಬಯಲಿನಲ್ಲಿ ಬಟ್ಟೆ ಒಗೆಯುವ ಹಳೆಯ ಮನೆಯನ್ನು ದಾಟಿ ನಡೆಯುತ್ತಿದ್ದಾಗ ವಾಟ್‌ಗೆ ದಾರಿ ಹೊಳೆಯಿತು. ಹಬೆ ನಿರ್ವಾತ ಕಂಡರೆ ನುಗ್ಗುವ ಜಾತಿ. ಸಿಲಿಂಡರಿನ ಪಕ್ಕದಲ್ಲಿ ಗಾಳಿ ತೆಗೆದ ಇನ್ನೊಂದು ತಣ್ಣನೆಯ ಪಾತ್ರೆ ಇಟ್ಟು ನಡುವೆ ಕೊಳವೆ ಜೋಡಿಸಿದರೆ, ಕೆಲಸ ಮುಗಿಸಿದ ಹಬೆ ತಾನಾಗಿ ಅಲ್ಲಿಗೆ ಓಡಿ ನೀರಾಗುತ್ತದೆ. ಬಿಸಿ ಪಾತ್ರೆ ಸದಾ ಬಿಸಿ, ತಣ್ಣನೆಯದು ಸದಾ ತಣ್ಣಗೆ. ಈ ಎರಡನೆಯ ಪಾತ್ರೆಯೇ ಕಂಡೆನ್ಸರ್. ವೈದ್ಯರು ಬಳಸುತ್ತಿದ್ದ ಹಿತ್ತಾಳೆಯ ಸಿರಿಂಜೊಂದನ್ನೇ ಸಿಲಿಂಡರಾಗಿಸಿ ಅವನು ಇದನ್ನು ಪರೀಕ್ಷಿಸಿ ನೋಡಿದ.

ಹೇಳಲು ಸುಲಭ, ಮಾಡಲು ಹನ್ನೊಂದು ವರ್ಷ ಹಿಡಿಯಿತು. 1769ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಪಿಸ್ಟನ್ ಸಂದಿಲ್ಲದೆ ಕೂರುವಷ್ಟು ನಿಜವಾದ ದುಂಡನೆಯ ಸಿಲಿಂಡರ್ ಕೊರೆಯಬಲ್ಲವರಿರಲಿಲ್ಲ. ಜಾನ್ ವಿಲ್ಕಿನ್ಸನ್‌ನ ಫಿರಂಗಿ ಕೊರೆಯುವ ಯಂತ್ರ ಬಂದ ಮೇಲೆ, ಮ್ಯಾಥ್ಯೂ ಬೌಲ್ಟನ್‌ನ ಹಣ ಬೆನ್ನಿಗೆ ನಿಂತ ಮೇಲೆ, 1776ರಲ್ಲಿ ದೊಡ್ಡ ಯಂತ್ರಗಳು ಓಡಿದವು. ಕಂಡೆನ್ಸರಿಗೆ ಒಂದು ಪಂಪನ್ನೂ ಸೇರಿಸಬೇಕಾಯಿತು. ನೀರಿನಲ್ಲಿ ಕರಗಿದ್ದ ಗಾಳಿ, ಸಂದಿಗಳಲ್ಲಿ ನುಸುಳಿದ ಗಾಳಿ ತಣ್ಣಗಾದರೂ ನೀರಾಗುವುದಿಲ್ಲ. ಕರೆಯದೆ ಬಂದ ನೆಂಟನ ಹಾಗೆ ಅಲ್ಲೇ ಕೂತು ನಿರ್ವಾತ ಕೆಡಿಸುತ್ತದೆ. ಅದನ್ನು ಎಳೆದು ಹಾಕುತ್ತಲೇ ಇರಬೇಕು. ಇಂದಿನ ವಿದ್ಯುತ್ ಸ್ಥಾವರಗಳಲ್ಲೂ ಈ ಕೆಲಸ ತಪ್ಪಿಲ್ಲ.

ಬೌಲ್ಟನ್ ಮತ್ತು ವಾಟ್ ಹಣ ಕೇಳಿದ ರೀತಿಯೂ ಸ್ವಾರಸ್ಯದ್ದು. ನ್ಯೂಕೊಮೆನ್ ಯಂತ್ರಕ್ಕೆ ಹೋಲಿಸಿದರೆ ನಿಮಗೆಷ್ಟು ಕಲ್ಲಿದ್ದಲು ಉಳಿಯಿತೋ, ಅದರ ಬೆಲೆಯಲ್ಲಿ ಮೂರನೆಯ ಒಂದು ಪಾಲು ನಮಗೆ ಕೊಡಿ ಎಂಬ ಕರಾರು. ತವರ ಮತ್ತು ತಾಮ್ರದ ಗಣಿಗಳ ಕಾರ್ನ್‌ವಾಲ್ ಸೀಮೆಯಲ್ಲಿ ಕಲ್ಲಿದ್ದಲಿಲ್ಲ, ವೇಲ್ಸಿನಿಂದ ಹಡಗಿನಲ್ಲಿ ತರಿಸಬೇಕು. ಆದ್ದರಿಂದ ಈ ಯಂತ್ರ ಅಲ್ಲಿ ಬೇಗ ಬೇರೂರಿತು. ಅವರು ಮಾರಿದ್ದು ಒಂದರ್ಥದಲ್ಲಿ ಉಳಿತಾಯವನ್ನೇ.

ತಣ್ಣನೆಯ ಪಾತ್ರೆಗೆ ಇಷ್ಟು ಬೆಲೆ ಏಕೆ ಎಂಬುದನ್ನು 1824ರಲ್ಲಿ ಫ್ರಾನ್ಸಿನ ಯುವ ಎಂಜಿನಿಯರ್ ಸಾದಿ ಕಾರ್ನೋ ಬಿಡಿಸಿಟ್ಟ. ಅವನು ಬಳಸಿದ ಹೋಲಿಕೆ ಜಲಪಾತದ್ದು. ನಾವು ಜೋಗವನ್ನು ನೆನೆದರೆ ಸಾಕು. ಅಲ್ಲಿನ ರಾಜಾ ಧಾರೆಯಲ್ಲಿ ಧುಮುಕುವ ನೀರಿಗೆ ಬಲ ಬರುವುದು ಮೇಲಿನ ಬಂಡೆ ಎಷ್ಟು ಎತ್ತರ, ಕೆಳಗಿನ ಕಣಿವೆ ಎಷ್ಟು ಆಳ ಎಂಬ ಎರಡರಿಂದಲೂ. ಶಾಖವೂ ಹಾಗೆಯೇ, ಬಿಸಿಯಿಂದ ತಂಪಿಗೆ ಬೀಳುವಾಗಷ್ಟೇ ಕೆಲಸ ಕೊಡುತ್ತದೆ. ಬಳಸಿದ ಹಬೆಯನ್ನು ನೂರು ಡಿಗ್ರಿಯಲ್ಲೇ ಬಯಲಿಗೆ ಬಿಡುವುದೆಂದರೆ ನೀರನ್ನು ಅರ್ಧ ಕಣಿವೆಯಲ್ಲೇ ಪಕ್ಕಕ್ಕೆ ತಿರುಗಿಸಿಬಿಟ್ಟಂತೆ. 150 ಡಿಗ್ರಿಯ ಹಬೆಯನ್ನು 100 ಡಿಗ್ರಿಯಲ್ಲಿ ಬಿಟ್ಟರೆ ಎಂಥ ಆದರ್ಶ ಯಂತ್ರಕ್ಕೂ ಶೇ. 12ರಷ್ಟೇ ದಕ್ಕುತ್ತದೆ. ಕಂಡೆನ್ಸರಿನಲ್ಲಿ 40 ಡಿಗ್ರಿಯವರೆಗೆ ಇಳಿಸಿದರೆ ಶೇ. 26. ಬೆಂಕಿ ಅಷ್ಟೇ, ಕಣಿವೆಯನ್ನು ಆಳ ಮಾಡಿದ್ದಕ್ಕೆ ಫಲ ಇಮ್ಮಡಿ.

ಹಾಗಾದರೆ ರೈಲಿನ ಎಂಜಿನ್ ಏಕೆ ಹಬೆಯನ್ನು ಗಾಳಿಗೆ ತೂರುತ್ತಿತ್ತು? ನಮ್ಮ ಬಾಲ್ಯದ ಛುಕುಛುಕು ಎಂದರೆ ಸಿಲಿಂಡರಿನಿಂದ ಬಿಡುಗಡೆಯಾದ ಹಬೆ ಚಿಮಣಿಯಲ್ಲಿ ಚಿಮ್ಮುವ ಸದ್ದು. ಓಡುವ ಗಾಡಿಯ ಬೆನ್ನ ಮೇಲೆ ಕಂಡೆನ್ಸರಿನ ಭಾರ ಹೇರುವುದು ಕಷ್ಟ, ತಣ್ಣೀರಿನ ಹೊಳೆ ಹಳಿಯ ಜೊತೆ ಓಡಿ ಬರುವುದಿಲ್ಲ. ಮೇಲಾಗಿ ಚಿಮ್ಮುವ ಹಬೆ ಚಿಮಣಿಯಲ್ಲಿ ಹೊಗೆಯನ್ನು ಎಳೆದೊಯ್ದು ಒಲೆಗೆ ತಿದಿ ಊದಿದಂತೆ ಗಾಳಿ ಒದಗಿಸುತ್ತಿತ್ತು. ನಷ್ಟದಲ್ಲೂ ಒಂದು ಲಾಭ.

ಈ ಅಭ್ಯಾಸ ಬಿಡಬೇಕಾಗಿ ಬಂದ ಕಡೆಗಳೂ ಇವೆ. 1863ರಲ್ಲಿ ಲಂಡನ್ನಿನಲ್ಲಿ ನೆಲದಡಿಯ ರೈಲು ಶುರುವಾದಾಗ ಸುರಂಗದಲ್ಲಿ ಹಬೆ ತುಂಬಬಾರದೆಂದು ಅದನ್ನು ಎಂಜಿನ್ನಿನದೇ ನೀರಿನ ತೊಟ್ಟಿಗೆ ತಿರುಗಿಸಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ತೊಟ್ಟಿಯ ನೀರೇ ಕಾದು ಕೂರುತ್ತಿತ್ತು. ಆಗಾಗ ಚೆಲ್ಲಿ ತಣ್ಣೀರು ತುಂಬಬೇಕಿತ್ತು. ದಕ್ಷಿಣ ಆಫ್ರಿಕಾದ ಕರೂ ಒಣಸೀಮೆಗೆ 1953ರಿಂದ ಬಂದ 25ನೇ ವರ್ಗದ 90 ಎಂಜಿನ್‌ಗಳು ಇನ್ನೂ ವಿಚಿತ್ರ. ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರ್ ಎಂಬ ಗಾಡಿ ಎಂಜಿನ್ನಿಗಿಂತ ಉದ್ದ, ಅದರ ತುಂಬ ರೇಡಿಯೇಟರ್ ಮತ್ತು ಫ್ಯಾನು. ಹಬೆ ಅಲ್ಲಿ ತಣಿದು ಮತ್ತೆ ಬಾಯ್ಲರಿಗೆ ಮರಳುತ್ತಿತ್ತು. ಅವರಿಗೆ ಬೇಕಿದ್ದದ್ದು ನಿರ್ವಾತದ ಬಲವಲ್ಲ, ನೀರು. ಹತ್ತು ಪಾಲು ನೀರು ಬೇಕಿದ್ದ ಕಡೆ ಹೆಚ್ಚುಕಡಿಮೆ ಒಂದೇ ಪಾಲು ಸಾಕಾಯಿತು. ಚಿಮಣಿಯಲ್ಲಿ ಹಬೆ ಚಿಮ್ಮದ ಕಾರಣ ಒಲೆಗೆ ಗಾಳಿ ಎಳೆಯಲು ಬೇರೆ ಫ್ಯಾನು ಇಡಬೇಕಾಯಿತು. ಹಾಗಾಗಿ ಅವು ಛುಕುಛುಕು ಅನ್ನದೆ ಕೀರಲು ದನಿಯಲ್ಲಿ ಊಳಿಡುತ್ತ ಓಡುತ್ತಿದ್ದವು.

ಹಡಗಿನ ಕಥೆ ಬೇರೆ. ಸುತ್ತ ತಣ್ಣೀರಿದೆ, ಆದರೆ ಉಪ್ಪು. ಹಬೆಗೆ ಸಮುದ್ರದ ನೀರನ್ನೇ ಚಿಮ್ಮಿಸಿ ತಣಿಸಿದರೆ ಎರಡೂ ಬೆರೆತು ಬಾಯ್ಲರಿನಲ್ಲಿ ಉಪ್ಪಿನ ಹಕ್ಕಳೆ ಕಟ್ಟುತ್ತಿತ್ತು. ಹಬೆಯೂ ಉಪ್ಪುನೀರೂ ಒಂದನ್ನೊಂದು ಮುಟ್ಟದಂತೆ ನಡುವೆ ಸಣ್ಣ ಸಣ್ಣ ಲೋಹದ ಕೊಳವೆಗಳ ಗೋಡೆ ಇಡುವ ಕಂಡೆನ್ಸರಿಗೆ ಸ್ಯಾಮುಯೆಲ್ ಹಾಲ್ 1834ರಲ್ಲಿ ಪೇಟೆಂಟ್ ಪಡೆದ. 1838ರಲ್ಲಿ ಅಟ್ಲಾಂಟಿಕ್ ದಾಟಿದ ಸಿರಿಯಸ್ ಹಡಗಿನಲ್ಲಿ ಅಂಥದೊಂದಿತ್ತು. ಇಂದು ಉಗಿಯಿಂದ ವಿದ್ಯುತ್ ತೆಗೆಯುವ ದೊಡ್ಡ ಸ್ಥಾವರಗಳಲ್ಲಿ ಬಹುಪಾಲು ಬಳಸುವುದು ಇದರ ಮೊಮ್ಮಕ್ಕಳನ್ನೇ.

ನಮ್ಮ ರಾಯಚೂರು ಶಾಖೋತ್ಪನ್ನ ಸ್ಥಾವರವನ್ನೇ ನೋಡಿ, 1,720 ಮೆಗಾವಾಟ್ ಸಾಮರ್ಥ್ಯದ್ದು. ಟರ್ಬೈನ್ ತಿರುಗಿಸಿ ಬಂದ ಹಬೆ ಕಂಡೆನ್ಸರಿನ ಕೊಳವೆಗಳಿಗೆ ತಾಕಿ ನೀರಾಗುತ್ತದೆ. ಅಲ್ಲಿನ ಉಷ್ಣತೆ 45 ಡಿಗ್ರಿ ಇದ್ದರೆ ಒಳಗಿನ ಒತ್ತಡ ವಾತಾವರಣದ ಹತ್ತನೇ ಒಂದು ಪಾಲಿಗೂ ಕಡಿಮೆ. ಆದರೆ ಬಚ್ಚಿಟ್ಟ ಶಾಖವನ್ನು ಹೊರಬೇಕಾದವರು ಯಾರು? ಒಂದು ಕಿಲೋ ಹಬೆ ನೀರಾಗುವಾಗ ಸುಮಾರು 2,200 ಕಿಲೋಜೂಲ್ ಬಿಡುತ್ತದೆ. ತಂಪು ನೀರು ಹತ್ತು ಡಿಗ್ರಿ ಮಾತ್ರ ಬಿಸಿಯಾಗಬೇಕೆಂದರೆ, ಒಂದು ಲೀಟರ್ ಹೊರಬಲ್ಲದ್ದು 42 ಕಿಲೋಜೂಲ್. ಅಂದರೆ ಕಿಲೋ ಹಬೆಗೆ ಐವತ್ತಕ್ಕೂ ಹೆಚ್ಚು ಲೀಟರ್ ನೀರು ಹರಿಯಬೇಕು! ಆ ನೀರನ್ನು ಮತ್ತೆ ತಣಿಸಿ ಬಳಸಲೆಂದೇ ದೊಡ್ಡ ಸ್ಥಾವರಗಳಲ್ಲಿ ಡಮರುವಿನಂತೆ ಸೊಂಟ ಸಣ್ಣಗಾದ ಗೋಪುರಗಳಿರುತ್ತವೆ. ಅವುಗಳ ತಲೆಯ ಮೇಲಿನ ಬಿಳಿ ಮೋಡವನ್ನು ಹೊಗೆ ಎಂದುಕೊಳ್ಳುವವರಿದ್ದಾರೆ. ಅದು ಹೊಳೆಯ ನೀರು, ತನ್ನ ಒಂದಷ್ಟು ಭಾಗವನ್ನು ಆವಿಯಾಗಿ ಕೊಟ್ಟು ಉಳಿದುದನ್ನು ತಂಪಾಗಿಸುತ್ತಿದೆ. ನಮ್ಮ ಮಣ್ಣಿನ ಹೂಜಿ ಮಾಡುವ ಕೆಲಸ.

ಹಾಗೆ ಆವಿಯಾಗಿ ಹೋದದ್ದು ಮರಳಿ ಬಾರದು. ಗೋಪುರಗಳಿರುವ ಹಳೆಯ ಸ್ಥಾವರಗಳು ಒಂದು ಯೂನಿಟ್ ವಿದ್ಯುತ್ತಿಗೆ ಮೂರೂವರೆ ಲೀಟರಿಗಿಂತ ಹೆಚ್ಚು ನೀರು ಬಳಸಬಾರದೆಂದು ಕೇಂದ್ರ ಸರ್ಕಾರ 2015ರಲ್ಲಿ ನಿಯಮ ಮಾಡಿತು. ನೀರೇ ಬೇಡ, ಗಾಳಿಯಲ್ಲೇ ತಣಿಸೋಣ ಎಂಬ ದಾರಿಯೂ ಇದೆ. ಕರೂ ಎಂಜಿನ್‌ಗಳ ಅದೇ ದಕ್ಷಿಣ ಆಫ್ರಿಕಾದಲ್ಲಿ ಸುಮಾರು 4,000 ಮೆಗಾವಾಟಿನ ಮಟಿಂಬಾ ಸ್ಥಾವರ ಹಾಗೆ ನಡೆಯುತ್ತದೆ. ಆದರೆ ಗಾಳಿ ನೀರಿನಷ್ಟು ತಂಪು ಕೊಡದು. ಕಣಿವೆಯ ಆಳ ತಗ್ಗುತ್ತದೆ, ಅಷ್ಟು ಕೆಲಸ ಹೋಗುತ್ತದೆ.

ರಾಯಚೂರಿನಲ್ಲಿ ಕಲ್ಲಿದ್ದಲು ಗಣಿಯಿಲ್ಲ. ಕಲ್ಲಿದ್ದಲು ಸಿಂಗರೇಣಿಯಂಥ ದೂರದ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. ಕೂಡಗಿಯ ಸ್ಥಾವರ ಆಲಮಟ್ಟಿಯ ನೀರನ್ನು ನೆಚ್ಚಿದೆ, ಕೈಗಾದ ಅಣು ಸ್ಥಾವರ ಕದ್ರಾ ಜಲಾಶಯದ ನೀರನ್ನು. ಬೆಂಕಿ ಕಲ್ಲಿದ್ದಲಿನದಾದರೇನು, ಯುರೇನಿಯಮ್ಮಿನದಾದರೇನು, ಉಗಿ ಕೊನೆಗೆ ಕೇಳುವುದು ತಂಪನ್ನೇ. 2016ರ ಮಾರ್ಚಿನಲ್ಲಿ ಕಾಲುವೆಯ ನೀರು ಇಳಿದು ಪಶ್ಚಿಮ ಬಂಗಾಳದ ಫರಕ್ಕಾ ಸ್ಥಾವರ ನಿಂತುಹೋಗಿತ್ತು. ಬೆಂಕಿಯನ್ನು ರೈಲಿನಲ್ಲಿ ತರಿಸಿಕೊಳ್ಳಬಹುದು. ತಂಪನ್ನು ಯಾರೂ ವ್ಯಾಗನ್ನಿನಲ್ಲಿ ತುಂಬಿ ಕಳಿಸುವುದಿಲ್ಲ. ಅದಕ್ಕಾಗಿಯೇ ರಾಯಚೂರಿನ ಸ್ಥಾವರ ಗಣಿಯ ಬಾಯಲ್ಲಿಲ್ಲ, ಕೃಷ್ಣೆಯ ದಡದಲ್ಲಿದೆ.