ನಾಗವಲ್ಲಿಯ ಆಚೆಗಿನ ಕಾಯಿಲೆ

2004ರ ‘ಆಪ್ತಮಿತ್ರ’ ಸಿನಿಮಾದಲ್ಲಿ ಸೌಂದರ್ಯ ನಟಿಸಿದ ಗಂಗಾ, ನಾಗವಲ್ಲಿ ಎಂಬ ಬೇರೊಬ್ಬಳೇ ಆಗಿಬಿಡುತ್ತಾಳೆ. ಕೊನೆಗೆ ಮನೋವೈದ್ಯ ಒಂದು ರಾತ್ರಿ ನಾಟಕ ಹೂಡಿ ಅವಳನ್ನು ಗುಣಪಡಿಸುತ್ತಾನೆ. ಡಿಸೋಸಿಯೇಟಿವ್ ಕಾಯಿಲೆ ಎಂದರೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಇಷ್ಟೇ. ಆಸ್ಪತ್ರೆಗೆ ಬರುವವರ ಕಥೆಯೇ ಬೇರೆ.

ನಿಮ್ಹಾನ್ಸ್ ವೈದ್ಯರು ಹತ್ತು ವರ್ಷಗಳ ದಾಖಲೆ ತೆಗೆದು ನೋಡಿದಾಗ ಇಂಥ 893 ರೋಗಿಗಳು ಸಿಕ್ಕರು, ಹೆಚ್ಚಿನವರು ಹೆಂಗಸರು. ಕೈಕಾಲಿನ ಹಿಡಿತ ತಪ್ಪಿದವರೇ ಜಾಸ್ತಿ. ಫಿಟ್ಸ್‌ನಂತೆ ನಡುಗಿ ಬೀಳುವವರು ಆಮೇಲಿನ ಸ್ಥಾನದಲ್ಲಿದ್ದರು. ಹೇಳಿಕೊಳ್ಳಲಾಗದ ಸಂಕಟ, ಬಾಲ್ಯದ ದೌರ್ಜನ್ಯ ಹೆಚ್ಚಾಗಿ ಇದರ ಹಿಂದಿರುತ್ತವೆ. ಒಟ್ಟಿಗೆ ಸಾಗಬೇಕಾದ ನೆನಪು, ಅರಿವು, ದೇಹದ ಹಿಡಿತ ಆಗ ಕಳಚಿಕೊಳ್ಳುತ್ತವೆ.

ಶಿವಮೊಗ್ಗ–ಭದ್ರಾವತಿ ರಸ್ತೆಯ ಮಲವಗೊಪ್ಪದಂಥ ಊರಿನಲ್ಲಿ ಮನೆಯ ಸೊಸೆ ಹೀಗೆ ಬಿದ್ದರೆ ಮೊದಲು ಕೈಗೆ ಕಬ್ಬಿಣದ ಬೀಗದಕೈ, ಮೂಗಿಗೆ ಈರುಳ್ಳಿ. ಮತ್ತೆ ಬಿದ್ದರೆ ಅಂತ್ರ, ತಾಯಿತ. ಸ್ಕ್ಯಾನ್ ನಾರ್ಮಲ್ ಬಂತೋ, ‘ಎಲ್ಲಾ ನಾಟಕ’ ಎಂಬ ಮಾತು. ಆಕೆ ಬೇಕೆಂದು ಬಿದ್ದಿರುವುದಿಲ್ಲ. ಹಾಗೆಯೇ ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದನ್ನು ವೈದ್ಯರು ಕಾಯಿಲೆ ಎನ್ನುವುದಿಲ್ಲ. ಆಚರಣೆಯ ಹೊರಗೆ, ಬೇಡವೆಂದರೂ ಬಂದು ಬದುಕು ಕೆಡಿಸಿದರೆ ಚಿಕಿತ್ಸೆ ಬೇಕು.

ಮೊದಲ ಕೆಲಸ ಮೂರ್ಛೆರೋಗ ಹೌದೋ ಅಲ್ಲವೋ ಎಂದು ನೋಡುವುದು. ಕಣ್ಣು ಬಿಗಿಯಾಗಿ ಮುಚ್ಚಿರುವುದು, ನಡುಕ ಹಲವು ನಿಮಿಷ ಏರಿಳಿಯುವುದು ಮೂರ್ಛೆರೋಗ ಅಲ್ಲದಿರಬಹುದು ಎಂಬುದರ ಸುಳಿವುಗಳು. ಮನೆಯವರು ಮೊಬೈಲಿನಲ್ಲಿ ಹಿಡಿದ ವಿಡಿಯೊ, ಇಇಜಿ ನೆರವಾಗುತ್ತವೆ. ಕೆಲವರಿಗೆ ಎರಡೂ ಇರುವುದುಂಟು, ಆದ್ದರಿಂದ ಮೂರ್ಛೆರೋಗದ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಡಿಸೋಸಿಯೇಟಿವ್ ಕಾಯಿಲೆಗೆಂದೇ ಮಾತ್ರೆಯಿಲ್ಲ. ಜೊತೆಗೆ ಖಿನ್ನತೆ, ಆತಂಕ ಇದ್ದರೆ ಅವಕ್ಕೆ ಔಷಧ. ಮುಖ್ಯವಾದದ್ದು ಮಾತಿನ ಚಿಕಿತ್ಸೆ, ಅದು ತಿಂಗಳುಗಟ್ಟಲೆ ನಡೆಯಬಹುದು. ಆರಂಭದಲ್ಲಿ ಸುರಕ್ಷತೆ ಮತ್ತು ಹಿಡಿತ: ಮುನ್ಸೂಚನೆ ಗುರುತಿಸಿ, ಪಾದವನ್ನು ನೆಲಕ್ಕೆ ಊರಿ, ಸುತ್ತ ಕಾಣುವುದನ್ನು ಒಂದೊಂದಾಗಿ ಹೆಸರಿಸುವುದು. ರೋಗಿ ಸಿದ್ಧಳಾದ ಮೇಲಷ್ಟೇ ಹಳೆಯ ಗಾಯದ ಮಾತು.

ಮನಸ್ಸಿನ ಕಾಯಿಲೆಯ ಮಾತು ಶಿವಮೊಗ್ಗಕ್ಕೆ ಹೊಸದಲ್ಲ. ಇಲ್ಲಿನ ಮನೋವೈದ್ಯ ಡಾ. ಅಶೋಕ್ ಪೈ ಅದನ್ನು ಬರಹಕ್ಕೂ ಸಿನಿಮಾಕ್ಕೂ ಒಯ್ದವರು. ಇಂದು ಮೆಗ್ಗಾನ್ ಆಸ್ಪತ್ರೆಗೆ ಹೋಗಬಹುದು. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಸಲಹೆ ಉಚಿತ.

ಮನೆಯವರದೂ ಒಂದು ಪಾಲಿದೆ. ಆಕೆ ಬಿದ್ದಾಗ ಪೆಟ್ಟಾಗದಂತೆ ನೋಡಿಕೊಂಡರೆ ಸಾಕು, ಊರೆಲ್ಲ ಸೇರಬೇಕಿಲ್ಲ. ‘ಏನಾಗ್ತಿದೆ ಹೇಳು’ ಎಂದು ಕೂತು ಕೇಳಬೇಕಾದದ್ದು ಆಕೆ ಚೆನ್ನಾಗಿರುವ ದಿನಗಳಲ್ಲಿ.